ಮಗನ ಹರ್ನಿಯಾ ಆಪರೇಷನ್, ಅಜ್ಜಿಯ ಬಿಸ್ಕತ್ತು

ಮಗನಿಗೆ ಆಗ ಮೂರೂವರೆ ವರ್ಷ. ಒಂದು ದಿನ ಸ್ನಾನ ಮಾಡಿಸುವಾಗ ಕಣ್ಣಿಗೆ ಸೋಪು ಹೋಯಿತು ಅಂತ ಕಿರುಚಿ ಅತ್ತ. ಆಗ ನೋಡಿದೆ, ಬಲಗಡೆ ತೊಡೆಸಂದಿಯಲ್ಲಿ ನೆಲ್ಲಿಕಾಯಿ ಗಾತ್ರದ ಉಬ್ಬು. ಮುಟ್ಟಿದರೆ ಮೆತ್ತಗಿತ್ತು. ಮೈ ಒರೆಸಿ ಚಡ್ಡಿ ಹಾಕುವಷ್ಟರಲ್ಲಿ ಮಾಯ! ನನಗೇ ಏನೋ ಭ್ರಮೆ ಅಂದುಕೊಂಡೆ. ಮಾರನೆ ದಿನ ಕೆಮ್ಮಿದಾಗ ಮತ್ತೆ ಬಂತು.

ಅತ್ತೆ ನೋಡಿದವರೇ, "ಅಂಡವಾಯು ಕಣಮ್ಮ, ಬೆಳೀತಾ ಬೆಳೀತಾ ಹೋಗುತ್ತೆ. ಹರಳೆಣ್ಣೆ ಹಚ್ಚು" ಅಂದರು. ನಮ್ಮ ಯಜಮಾನರಿಗೆ ಚಿಕ್ಕವರಿದ್ದಾಗ ಹೊಕ್ಕುಳು ಉಬ್ಬಿತ್ತಂತೆ, ಕಾಸು ಇಟ್ಟು ಬಟ್ಟೆ ಕಟ್ಟಿದ್ದರಂತೆ, ವಾಸಿಯಾಯಿತಂತೆ. ಹೊಕ್ಕುಳಿನ ಉಬ್ಬು ಹೆಚ್ಚಿನ ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನೇ ಹೋಗುತ್ತದೆ, ಕಾಸಿಗೆ ಸುಮ್ನೆ ಹೆಸರು ಬರುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು. ತೊಡೆಸಂದಿಯದು ಹಾಗಲ್ಲ. ಅದಕ್ಕೆ ಆಪರೇಷನ್ ಒಂದೇ ದಾರಿ.

ಮಕ್ಕಳ ಸರ್ಜನ್ ಹತ್ತಿರ ಹೋದ ದಿನ ಉಬ್ಬು ಕಾಣಿಸಲೇ ಇಲ್ಲ. ಮನೆಯಲ್ಲಿ ದಿನಕ್ಕೆ ಹತ್ತು ಸಲ ಅಳುವವನು ಅಲ್ಲಿ ನಗುತ್ತಾ ಕೂತಿದ್ದ. ಡಾಕ್ಟರ್ ಬಲೂನ್ ಕೊಟ್ಟು ಊದು ಅಂದರು. ಮುಖ ಕೆಂಪಗೆ ಮಾಡಿಕೊಂಡು ಊದಿದ, ಬಂತು ನೆಲ್ಲಿಕಾಯಿ. ಉಬ್ಬು ಕಂಡಾಗಲೇ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ.

ಗಂಡುಮಗು ಹೊಟ್ಟೆಯಲ್ಲಿರುವಾಗ ಬೀಜಗಳು (ವೃಷಣಗಳು) ಮೇಲಿನಿಂದ ಕೆಳಗೆ ಇಳಿಯುತ್ತವಂತೆ. ಆ ದಾರಿಯಲ್ಲಿ ಒಂದು ಸಣ್ಣ ಚೀಲ ಉಂಟಾಗುತ್ತದೆ, ಅದು ಆಮೇಲೆ ಮುಚ್ಚಿಕೊಳ್ಳಬೇಕು. ಕೆಲವರಲ್ಲಿ ಮುಚ್ಚುವುದಿಲ್ಲ. ಅತ್ತಾಗ, ಮುಕ್ಕಿರಿದಾಗ ಕರುಳಿನ ಒಂದು ಭಾಗ ಅದರೊಳಗೆ ಜಾರುತ್ತದೆ. ಅದೇ ಹರ್ನಿಯಾ. ಆಪರೇಷನ್‌ನಲ್ಲಿ ದೊಡ್ಡವರಿಗೆ ಹಾಕುವ ಹಾಗೆ ಮಕ್ಕಳಿಗೆ ಬಲೆ ಹಾಕುವುದಿಲ್ಲ, ಚೀಲದ ಬಾಯಿ ಕಟ್ಟಿದರೆ ಮುಗಿಯಿತು. ಡಾಕ್ಟರ್ ಒಂದು ಮಾತು ಮಾತ್ರ ಎರಡು ಸಲ ಹೇಳಿದರು: "ಉಬ್ಬು ಗಟ್ಟಿಯಾಗಿ, ಒಳಗೆ ಹೋಗದೆ, ಮಗು ವಾಂತಿ ಮಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ." ಅಲ್ಲಿಂದ ಆಪರೇಷನ್ ಆಗುವ ತನಕ ರಾತ್ರಿ ಅವನು ಅತ್ತಾಗಲೆಲ್ಲ ಟಾರ್ಚ್ ಹಿಡಿದು ಚಡ್ಡಿ ಇಳಿಸಿ ನೋಡುವುದೇ ನನ್ನ ಕೆಲಸ.

ನಾನು ಹೆದರಿದ್ದು ಕತ್ತರಿ, ಹೊಲಿಗೆಗೆ. ನಮ್ಮನ್ನು ಕಾಡಿದ್ದು ಹಸಿವು.

ಆಪರೇಷನ್ ಬೆಳಿಗ್ಗೆ 9ಕ್ಕೆ. ಊಟ, ಹಾಲು ಅದಕ್ಕೆ ಆರು ಗಂಟೆ ಮೊದಲೇ ನಿಲ್ಲಿಸಬೇಕು, ನೀರು ಎರಡು ಗಂಟೆ ಮೊದಲು. ಹಾಲು ನೀರಿನ ಹಾಗೇ ಅಲ್ವಾ ಅಂತ ಕೇಳಿದೆ. ಹೊಟ್ಟೆಗೆ ಹೋದ ಮೇಲೆ ಒಡೆದು ಗಟ್ಟಿಯಾಗುತ್ತೆ, ಅದನ್ನು ಊಟದ ಲೆಕ್ಕಕ್ಕೇ ತಗೊಳ್ಳಿ ಅಂದರು. ರಾತ್ರಿ ಮೊಸರನ್ನ ತಿನ್ನಿಸಿ ಮಲಗಿಸಿದೆ. ಬೆಳಿಗ್ಗೆ ಆರಕ್ಕೆ ಎದ್ದು ನಾನು ಬ್ಯಾಗ್ ತುಂಬುವ ಗಡಿಬಿಡಿಯಲ್ಲಿದ್ದೆ. ಆಸ್ಪತ್ರೆಯಲ್ಲಿ ಸಿಸ್ಟರ್ ಫೈಲ್ ಹಿಡಿದು, "ಏನಾದ್ರೂ ತಿಂದಿದ್ದಾನಾ?" ಅಂದರು.

"ಇಲ್ಲ ಸಿಸ್ಟರ್, ಏನೂ ಇಲ್ಲ" ಅಂದೆ.

"ಅಜ್ಜಿ ಬಿಸ್ಕತ್ತು ಕೊಟ್ರು" ಅಂದ ಮಗ.

ಅತ್ತೆ ಕಿಟಕಿ ಕಡೆ ನೋಡಿದರು. "ಅರ್ಧ ಬಿಸ್ಕತ್ತು ಕಣಮ್ಮ. ಮಗು ಖಾಲಿ ಹೊಟ್ಟೇಲಿ..." ಅಂತ ಶುರು ಮಾಡಿ ನಿಲ್ಲಿಸಿದರು.

ಮತ್ತು ಬರಿಸುವ ಅನಸ್ತೇಷಿಯಾ ಡಾಕ್ಟರ್ ಬಂದು, ಇವತ್ತು ಆಗಲ್ಲ ಅಂದರು. ಅರ್ಧ ಬಿಸ್ಕತ್ತಿಗೆ ಇಷ್ಟಾ ಅಂತ ನಾನೂ ವಾದ ಮಾಡಿದೆ. ಮತ್ತಿನಲ್ಲಿರುವಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದರೆ ಕೆಮ್ಮಿ ಹೊರಹಾಕುವ ಶಕ್ತಿ ಮಗುವಿಗೆ ಇರುವುದಿಲ್ಲ, ನೇರ ಶ್ವಾಸಕೋಶಕ್ಕೆ ಇಳಿಯಬಹುದು ಅಂತ ತಾಳ್ಮೆಯಿಂದಲೇ ವಿವರಿಸಿದರು. ಮನೆಗೆ ಬಂದ ಮೇಲೆ ಅತ್ತೆ ಊಟ ಮಾಡಲಿಲ್ಲ. ನಾನೂ ಮಾತಾಡಿಸಲಿಲ್ಲ. ಈಗ ಅನ್ನಿಸುತ್ತೆ, ಯಾಕೆ ಕೊಡಬಾರದು ಅಂತ ಅವರಿಗೆ ಯಾರೂ ಕೂತು ಹೇಳಿರಲೇ ಇಲ್ಲ. "ಏನೂ ಕೊಡಬೇಡಿ" ಅಂತ ನಾನು ಅಪ್ಪಣೆ ಕೊಟ್ಟಿದ್ದೆ, ಅಷ್ಟೇ.

ಮುಂದಿನ ವಾರಕ್ಕೆ ಮತ್ತೆ ದಿನ ಸಿಕ್ಕಿತು. ಈ ಸಲ ಲಿಸ್ಟಿನಲ್ಲಿ ಮೊದಲನೆಯವನಾಗಿ ಹಾಕಿ ಅಂತ ಕೇಳಿಕೊಂಡೆ. ಆರೂವರೆಗೆ ಅವನಿಗೆ ಸಕ್ಕರೆ ನೀರು ಕುಡಿಸಿದೆ, ಡಾಕ್ಟರನ್ನು ಕೇಳಿಯೇ. ಬಿಸ್ಕತ್ತಿನ ಡಬ್ಬಿಯನ್ನು ಅತ್ತೆಯೇ ಹಿಂದಿನ ರಾತ್ರಿ ಬೀರುವಿನೊಳಗಿಟ್ಟು ಬೀಗ ಹಾಕಿದ್ದರು. ಮಗನಿಗೂ ಈ ಸಲ ಸುಳ್ಳು ಹೇಳಲಿಲ್ಲ. ಹಿಂದಿನ ಸಲ "ಸುಮ್ನೆ ನೋಡ್ತಾರೆ" ಅಂದಿದ್ದೆ. ಈಗ ಅವನ ಕರಡಿ ಗೊಂಬೆಯ ತೊಡೆಗೆ ಬ್ಯಾಂಡೇಜ್ ಅಂಟಿಸಿ, ನಿನಗೂ ಹೀಗೆ, ನೀನು ನಿದ್ದೆ ಮಾಡ್ತಿರ್ತೀಯ, ಎದ್ದಾಗ ಸ್ವಲ್ಪ ನೋಯುತ್ತೆ ಅಂದೆ. ಕರಡಿ ಅತ್ತಿತಾ ಅಂತ ಕೇಳಿದ.

ಅವನು ನಿದ್ದೆ ಹೋಗುವವರೆಗೆ ನನ್ನನ್ನು ಥಿಯೇಟರ್ ಒಳಗೆ ಬಿಟ್ಟರು. ಮೂಗು ಬಾಯಿ ಮುಚ್ಚುವ ಮಾಸ್ಕ್ ಇಟ್ಟು ಬಲೂನ್ ಊದು ಅಂದರು. ಊದಿದ. ನಾಲ್ಕೈದು ಉಸಿರಿಗೆ ಕಣ್ಣುಗುಡ್ಡೆ ಮೇಲೆ ಹೋದವು, ನನ್ನ ಬೆರಳು ಹಿಡಿದಿದ್ದ ಕೈ ಒದ್ದೆ ಬಟ್ಟೆಯ ಹಾಗೆ ಜಾರಿತು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಹೊರಗೆ ಬರುವಷ್ಟರಲ್ಲಿ ನನ್ನ ಕಾಲೇ ನಡುಗುತ್ತಿತ್ತು.

ಆಪರೇಷನ್‌ಗೆ ಹಿಡಿದದ್ದು 40 ನಿಮಿಷ. ಇನ್ಶೂರೆನ್ಸ್ ಕಾಗದಕ್ಕೆ ಅದಕ್ಕಿಂತ ಜಾಸ್ತಿ.

ಎದ್ದಾಗ ಮಗ ನನ್ನನ್ನೇ ಗುರುತಿಸಲಿಲ್ಲ. ಕಣ್ಣು ಬಿಟ್ಟಿದ್ದ, ಆದರೆ ಅಮ್ಮ ಬೇಕು ಅಂತ ನನ್ನನ್ನೇ ಒದೆಯುತ್ತಿದ್ದ. ನೋವಿಗಲ್ಲ, ಅನಸ್ತೇಷಿಯಾದ ಮತ್ತು ಇಳಿಯುವಾಗ ಕೆಲವು ಮಕ್ಕಳು ಹೀಗೆ ಮಾಡುತ್ತವೆ ಅಂದರು ಸಿಸ್ಟರ್. ಸುಮಾರು ಇಪ್ಪತ್ತು ನಿಮಿಷ ಎತ್ತಿಕೊಂಡೇ ಓಡಾಡಿದೆ. ಒಮ್ಮೆಲೇ ಸುಮ್ಮನಾಗಿ, "ಅಮ್ಮ, ನನ್ನ ಕಾಲು ಎಲ್ಲಿ?" ಅಂದ. ನೋವು ಗೊತ್ತಾಗದಿರಲಿ ಅಂತ ಬೆನ್ನಿನ ಕೆಳಗೆ ಕೊಟ್ಟಿದ್ದ ಇಂಜೆಕ್ಷನ್ನಿಂದ ಕಾಲು ಜೋಮು ಹಿಡಿದಿತ್ತು. ಒಂದೆರಡು ಗಂಟೆಯಲ್ಲಿ ಸರಿಹೋಯಿತು. ಸಂಜೆಗೆ ಇಡ್ಲಿ ತಿಂದು ಮನೆಗೆ ಬಂದೆವು.

ಎರಡನೇ ದಿನ ಬೀಜದ ಚೀಲ ಊದಿಕೊಂಡಿದ್ದು ನೋಡಿ ಹರ್ನಿಯಾ ಮತ್ತೆ ಬಂತು ಅಂತ ಹೆದರಿ ಫೋನ್ ಮಾಡಿದೆ. ಆಪರೇಷನ್ ಆದ ಜಾಗದ ಊತ, ಇಳಿಯುತ್ತೆ ಅಂದರು, ಇಳಿಯಿತು. ಪ್ಯಾರಾಸಿಟಮಾಲ್ ಸಿರಪ್ ಮಾತ್ರ ತೂಕ ನೋಡಿ ಅವರು ಬರೆದಷ್ಟೇ ಕೊಟ್ಟೆ, ಆರು ಗಂಟೆಗೊಮ್ಮೆ, ಎರಡು ದಿನ. ಹೊಲಿಗೆ ತಾನೇ ಕರಗುವಂಥದ್ದು. ಮೂರನೇ ದಿನ ಸೋಫಾದಿಂದ ಹಾರತೊಡಗಿದ. ಸೈಕಲ್ ಎರಡು ವಾರ ಬೇಡ ಅಂದಿದ್ದರಿಂದ ಅದನ್ನು ಅಟ್ಟಕ್ಕೆ ಹಾಕಿದೆವು.

ಏಳನೇ ದಿನ ಗಾಯ ತೋರಿಸಲು ಹೋಗಬೇಕಿತ್ತು. "ಹೊರಡು ಪುಟ್ಟ, ಡಾಕ್ಟರ್ ಹತ್ತಿರ" ಅಂದೆ. ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದ.

"ಅಜ್ಜಿ, ಬೇಗ ಒಂದು ಬಿಸ್ಕತ್ತು ಕೊಡಿ!"