ಮಾಸ್ ಸ್ಪೆಕ್ ಇಲ್ಲದೆ ಮೂಳೆಯಲ್ಲಿ ಅಲೆಂಡ್ರೊನೇಟ್ ಅಳೆದ ನನ್ನ ಅನುಭವ

"ಮಾಸ್ ಸ್ಪೆಕ್ ಇಲ್ಲದೆ ಇದು ಆಗೋ ಕೆಲಸ ಅಲ್ಲ ಮಾರಾಯ್ರೆ, ಸುಮ್ನೆ ದುಡ್ಡು ಹಾಳು." ಮೂಳೆ ಟೊಳ್ಳಾಗುವ ಕಾಯಿಲೆಗೆ (ಆಸ್ಟಿಯೊಪೊರೋಸಿಸ್) ಕೊಡುವ ಔಷಧಿ ಅಲೆಂಡ್ರೊನೇಟ್. ಮೂಳೆಯೊಳಗೆ ಅದು ಎಷ್ಟಿದೆ ಅಂತ ಅಳೆಯಲು ಹೊರಟ ನಾನು ಮೂರು ವರ್ಷ ಇದೇ ಮಾತು ಕೇಳಿದ್ದೇನೆ. ಮಾಸ್ ಸ್ಪೆಕ್ ಅಂದರೆ ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಯಂತ್ರ. ಮಡಿಕೇರಿಯ ನಮ್ಮ ಲ್ಯಾಬಿನಲ್ಲಿ ಇರುವುದು ದ್ರಾವಣದಲ್ಲಿ ಬೆರೆತದ್ದನ್ನು ಬೇರ್ಪಡಿಸುವ ಹಳೆಯ ಎಚ್‌ಪಿಎಲ್‌ಸಿ ಯಂತ್ರ, ಅದಕ್ಕೊಂದು ಫ್ಲೋರೆಸೆನ್ಸ್ ಡಿಟೆಕ್ಟರ್, ಅಂದರೆ ಹೊಳೆಯುವ ಅಣುಗಳನ್ನು ಪತ್ತೆ ಹಚ್ಚುವ ಭಾಗ. ಅದರಲ್ಲೇ ಆಯಿತು.

ಸೊಂಟದ ಕೀಲು ಬದಲಿಸುವಾಗ ತೆಗೆದ ತೊಡೆಮೂಳೆಯ ತಲೆಗಳು ನಮ್ಮ ಸ್ಯಾಂಪಲ್. ರೋಗಿಗಳ ಒಪ್ಪಿಗೆ, ಎಥಿಕ್ಸ್ ಕಮಿಟಿ ಎಲ್ಲ ಮುಗಿಸಿಕೊಂಡೇ ಶುರು ಮಾಡಿದ್ದು. ಬ್ಲ್ಯಾಂಕ್‌ಗೆ, ಅಂದರೆ ಔಷಧಿಯೇ ಇಲ್ಲದ ಹೋಲಿಕೆಯ ಸ್ಯಾಂಪಲ್‌ಗೆ, ಹಂದಿ ಮೂಳೆ. ಕೊಡಗಿನಲ್ಲಿ ಅದಕ್ಕೇನು ಬರವೇ? ವಿರಾಜಪೇಟೆಯ ಮಾಂಸದ ಅಂಗಡಿಯವರು ಪುಕ್ಕಟೆ ಕೊಟ್ಟರು. ಮೂಳೆಯನ್ನು ಹೆಪ್ಪುಗಟ್ಟಿಸಿ ಪುಡಿ ಮಾಡಲು ಬೇಕಾದ ಲಿಕ್ವಿಡ್ ನೈಟ್ರೋಜನ್, ಹಸುಗಳ ಕೃತಕ ಗರ್ಭಧಾರಣೆಗೆ ಬರುವ ಕ್ಯಾನಿನಿಂದ ಸಿಕ್ಕಿತು.

ಮೊದಲ ಸೋಲು ದೊಡ್ಡದು. ಬೇಗ ಕರಗಲಿ ಅಂತ ಪುಡಿಯನ್ನು ಆಸಿಡ್‌ನಲ್ಲಿ 60 ಡಿಗ್ರಿಗೆ ಇಟ್ಟೆ. ಮೂಳೆಯ ಖನಿಜದ ಜೊತೆ ಅದರೊಳಗಿನ ಪ್ರೋಟೀನ್ ಆದ ಕೊಲಾಜನ್ ಕೂಡ ಒಡೆದು ಕರಗಿತು. ಔಷಧಿ ತಾನಾಗಿ ಹೊಳೆಯುವುದಿಲ್ಲ, ಅದಕ್ಕೆ ಎಫ್‌ಮಾಕ್ ಎಂಬ ಹೊಳೆಯುವ ರಾಸಾಯನಿಕವನ್ನು ಅಂಟಿಸಬೇಕು. ಅದು ಅಮೈನ್ (ನೈಟ್ರೋಜನ್ ಇರುವ ಒಂದು ಗುಂಪು) ಇರುವುದನ್ನೆಲ್ಲ, ಕೊಲಾಜನ್ ಚೂರುಗಳನ್ನೂ ಹಿಡಿಯುತ್ತದೆ ಅಲ್ವಾ? ಗ್ರಾಫಿನಲ್ಲಿ ಎದ್ದ ಪೀಕ್‌ಗಳ ಕಾಡಿನಲ್ಲಿ ನನ್ನ ಔಷಧಿ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ನಾಲ್ಕು ತಿಂಗಳು, ಹತ್ತಿರ ಹತ್ತಿರ 35,000 ರೂಪಾಯಿ, ಎಚ್‌ಪಿಎಲ್‌ಸಿಯ ಒಂದು ಕಾಲಮ್ (ಬೇರ್ಪಡಿಸುವ ಕೊಳವೆ) ಹೋಯಿತು. ಈಗ ಫ್ರಿಜ್‌ನಲ್ಲೇ ಎರಡು ದಿನ ಕರಗಿಸುತ್ತೇನೆ. ಕೊಲಾಜನ್ ರಬ್ಬರಿನಂತೆ ಉಳಿಯುತ್ತದೆ, ಎತ್ತಿ ಬಿಸಾಕುತ್ತೇನೆ. ಔಷಧಿ ಅಂಟಿರುವುದು ಖನಿಜಕ್ಕೆ, ಹಾಗಾಗಿ ನಷ್ಟವಿಲ್ಲ.

ಆಮೇಲಿನ ಹೆಜ್ಜೆಯೇ ನನ್ನ ಹೆಮ್ಮೆ. ಮೂತ್ರದ ಸ್ಯಾಂಪಲ್‌ಗೆ ಎಲ್ಲರೂ ಹೊರಗಿನಿಂದ ಕ್ಯಾಲ್ಸಿಯಂ ಹಾಕಿ ಔಷಧಿಯನ್ನು ಗಸಿಯಾಗಿ ಕೆಳಗಿಳಿಸುತ್ತಾರೆ. ಮೂಳೆಯಲ್ಲಿ ಕ್ಯಾಲ್ಸಿಯಂ ಇದ್ದೇ ಇದೆ! ಬರೀ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದೆ. ಬಿಳಿ ಗಸಿ ಇಳಿಯಿತು, ಔಷಧಿಯನ್ನೂ ಜೊತೆಗೆ ಎಳೆದುಕೊಂಡು ಬಂತು. ಅಮೈನೊ ಆಸಿಡ್‌ಗಳು ಮೇಲಿನ ನೀರಲ್ಲಿ ಉಳಿದವು. ಕರಗಿಸಿ, ಮತ್ತೆ ಇಳಿಸಿ, ಹೀಗೆ ಮೂರು ಸಲ. ಪ್ರತಿ ಸಲದ ಪಿಎಚ್ ಎಷ್ಟು ಅನ್ನುವುದನ್ನು ನಮ್ಮ ಪೇಪರ್ ಬರುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೊನೆಗೆ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಇಡಿಟಿಎ ಧಾರಾಳವಾಗಿ ಹಾಕಿ. ಜಿಪುಣತನ ಮಾಡಿದರೆ ಎಫ್‌ಮಾಕ್ ಹಾಕುವ ಹೊತ್ತಿಗೆ ಎಲ್ಲ ಮಬ್ಬಾಗುತ್ತದೆ. ಗಾಜಿನ ಟ್ಯೂಬ್ ಬೇಡವೇ ಬೇಡ, ಔಷಧಿ ಗಾಜಿಗೆ ಅಂಟುತ್ತದೆ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ಗೆ ಬದಲಾದ ವಾರವೇ ನನ್ನ ಸಣ್ಣ ಸ್ಟ್ಯಾಂಡರ್ಡ್‌ಗಳು (ಗೊತ್ತಿರುವಷ್ಟು, ತೀರಾ ಕಡಿಮೆ ಔಷಧಿ ಹಾಕಿದ ದ್ರಾವಣಗಳು) ಸರಿಯಾದವು. ಪೀಕ್‌ಗೆ ಉದ್ದ ಬಾಲ ಬಂದರೆ ಮೊಬೈಲ್ ಫೇಸ್‌ಗೆ (ಕಾಲಮ್ ಮೂಲಕ ಹರಿಸುವ ದ್ರವಕ್ಕೆ) ಪೈರೋಫಾಸ್ಫೇಟ್ ಸೇರಿಸಿ.

ನಡುವೆ ಒಂದು ಜುಲೈ ತಿಂಗಳಲ್ಲಿ ಮಳೆಗೆ ಕರೆಂಟೇ ಇರಲಿಲ್ಲ. ಸುಮ್ನೆ ಕೂರಲಾಗದೆ ಮೂಳೆ ಪುಡಿಯನ್ನು ಮನೆಯ ಕಾಚಂಪುಳಿಯಲ್ಲಿ (ಕೊಡಗಿನ ಕಪ್ಪು ಹುಳಿ ರಸ) ನೆನೆಸಿದೆ. ನೊರೆ ಬಂತು, ಸ್ವಲ್ಪ ಕರಗಿತು ಕೂಡ. ಆದರೆ ಆ ಕಪ್ಪು ಬಣ್ಣ ಕೊನೆಯವರೆಗೂ ಹೋಗಲಿಲ್ಲ. ಬಿಟ್ಟೆ.

ರಿಕವರಿ, ಅಂದರೆ ಇದ್ದ ಔಷಧಿಯಲ್ಲಿ ಕೊನೆಗೆ ಕೈಗೆ ಸಿಗುವ ಪಾಲು, ಮೊದಲು ಶೇಕಡಾ 30ರ ಆಸುಪಾಸು ಇತ್ತು, ಈಗ 85 ದಾಟುತ್ತದೆ. ವಾರಕ್ಕೊಂದು 70 ಮಿಲಿಗ್ರಾಂ ಮಾತ್ರೆಯನ್ನು ನಾಲ್ಕೈದು ವರ್ಷ ತಗೊಂಡವರ ಮೂಳೆಯಲ್ಲಿ ಗ್ರಾಂಗೆ ಕೆಲವೇ ಮೈಕ್ರೋಗ್ರಾಂ ಸಿಗುತ್ತದೆ. ನುಂಗಿದ್ದರಲ್ಲಿ ರಕ್ತ ಸೇರುವುದೇ ಶೇಕಡಾ 1ಕ್ಕಿಂತ ಕಡಿಮೆ ಅಲ್ವಾ? ಒಳಗಿನ ಸ್ಪಂಜಿನಂಥ ಮೂಳೆಯಲ್ಲಿ ಜಾಸ್ತಿ, ಹೊರಗಿನ ಗಟ್ಟಿ ಪದರದಲ್ಲಿ ಕಡಿಮೆ. ಇದೇ ಬಗೆಯ ಇನ್ನೊಂದು ಔಷಧಿ ಝೋಲೆಡ್ರೊನೇಟ್‌ಗೆ ಈ ವಿಧಾನ ನಡೆಯುವುದಿಲ್ಲ, ಎಫ್‌ಮಾಕ್ ಹಿಡಿಯಲು ಬೇಕಾದ ಅಮೈನ್ ಅದರಲ್ಲಿ ಇಲ್ಲ.

ಹೊರಗೆ ಕೊಟ್ಟರೆ ಸ್ಯಾಂಪಲ್‌ಗೆ 3,500 ಕೇಳುತ್ತಿದ್ದರು, ನಮಗೀಗ 400ರೊಳಗೆ ಮುಗಿಯುತ್ತದೆ. ಆರು ಸ್ಯಾಂಪಲ್‌ಗಳನ್ನು ಎರಡು ಪಾಲು ಮಾಡಿ ಒಂದು ಪಾಲನ್ನು ಮಾಸ್ ಸ್ಪೆಕ್ ಇರುವ ಕಡೆಗೆ ಕಳಿಸಿದೆ. ವ್ಯತ್ಯಾಸ ಶೇಕಡಾ 12 ದಾಟಲಿಲ್ಲ. "ದುಡ್ಡು ಹಾಳು" ಅಂದಿದ್ದವರು ಹೋದ ತಿಂಗಳು ತಮ್ಮ ಹತ್ತು ಸ್ಯಾಂಪಲ್ ಐಸ್ ಡಬ್ಬದಲ್ಲಿ ನನಗೇ ಕಳಿಸಿದ್ದಾರೆ.