ನಾಣ್ಯ ಹಾಕಿ ಆಡುವ ಯಂತ್ರಗಳ ಚರಿತ್ರೆಯನ್ನು ಹುಡುಕುವ ಬಗೆ

ಆರ್ಕೇಡ್ ಆಟಗಳ ಆರಂಭದ ಚರಿತ್ರೆಯನ್ನು ಬರೆಯಹೊರಟವರು ಅಟಾರಿ ಕಂಪನಿಯ 1972ರ ಟೇಬಲ್ ಟೆನಿಸ್ ವಿಡಿಯೊ ಆಟ ‘ಪಾಂಗ್’ನಿಂದ ಶುರುಮಾಡುವ ಅಭ್ಯಾಸವನ್ನು ಮೊದಲು ಬಿಡಬೇಕು. ಸಿನ್ಸಿನಾಟಿಯ ಮಾಂಟೇಗ್ ರೆಡ್‌ಗ್ರೇವ್ ಅವರು ಪಿನ್‌ಬಾಲ್ ಯಂತ್ರದ ಪೂರ್ವಜವಾದ, ಗುಂಡು ಉರುಳಿಸಿ ಆಡುವ ಬ್ಯಾಗಟೆಲ್ ಹಲಗೆಯ ಸುಧಾರಣೆಗೆ ಪೇಟೆಂಟ್ ಪಡೆದದ್ದು 1871ರಲ್ಲಿ. ಗಾಟ್‌ಲೀಬ್ ಸಂಸ್ಥೆಯ ಪಿನ್‌ಬಾಲ್ ಯಂತ್ರ ‘ಬ್ಯಾಫಲ್ ಬಾಲ್’ 1931ರಲ್ಲಿ ಬಂದಿತು, ಗುಂಡನ್ನು ಹೊಡೆದು ಮೇಲಕ್ಕೆ ಕಳಿಸುವ ಫ್ಲಿಪ್ಪರ್ ಉಳ್ಳ ‘ಹಂಪ್ಟಿ ಡಂಪ್ಟಿ’ 1947ರಲ್ಲಿ. ಚಿಕಾಗೋವನ್ನು ಕೇಂದ್ರವಾಗಿಸಿಕೊಂಡು ಬೆಳೆದ ಈ ವ್ಯಾಪಾರಜಾಲವೇ, ಅಂದರೆ ಅದೇ ವಿತರಕರು ಮತ್ತು ಬಾರುಗಳಲ್ಲಿ ಯಂತ್ರವಿಟ್ಟು ಗಳಿಕೆ ಹಂಚಿಕೊಳ್ಳುತ್ತಿದ್ದ ಅದೇ ಆಪರೇಟರುಗಳೇ, ಮುಂದೆ ವಿಡಿಯೊ ಆಟಗಳನ್ನೂ ಊರೂರಿಗೆ ಮುಟ್ಟಿಸಿದರು. ಆದ್ದರಿಂದ ಆಟಕ್ಕಿಂತ ಮೊದಲು ವ್ಯಾಪಾರವನ್ನು ಓದಬೇಕು.

ಅದಕ್ಕೆ ಮುಖ್ಯ ಆಕರ ಅಂದಿನ ವ್ಯಾಪಾರಪತ್ರಿಕೆಗಳು. ‘ಬಿಲ್‌ಬೋರ್ಡ್’ ಹಾಗೂ 1942ರಲ್ಲಿ ಆರಂಭವಾದ ‘ಕ್ಯಾಶ್ ಬಾಕ್ಸ್’ ಸಂಗೀತಕ್ಕೆ ಹೆಸರಾಗಿದ್ದರೂ ಅವುಗಳ ಹಿಂಬದಿಯ ಪುಟಗಳಲ್ಲಿ ನಾಣ್ಯಯಂತ್ರಗಳ ಸುದ್ದಿ ಧಾರಾಳವಾಗಿದೆ. 1970ರ ದಶಕದ ನಡುವಿನಿಂದ ‘ಪ್ಲೇ ಮೀಟರ್’ ಮತ್ತು ‘ರಿಪ್ಲೇ’ ಜೊತೆಯಾಗುತ್ತವೆ. ಇವುಗಳ ಬಹಳಷ್ಟು ಸಂಚಿಕೆಗಳು ಇಂಟರ್ನೆಟ್ ಆರ್ಕೈವ್ ಮತ್ತು ವರ್ಲ್ಡ್ ರೇಡಿಯೊ ಹಿಸ್ಟರಿ ತಾಣಗಳಲ್ಲಿ ಬಿಟ್ಟಿಯಾಗಿ ದೊರೆಯುವುದರಿಂದ ಬೆಂಗಳೂರಿನಲ್ಲಿ ಕುಳಿತೇ ಅರ್ಧ ಕೆಲಸ ಮುಗಿಸಬಹುದು. ಪದ ಹಾಕಿ ಹುಡುಕುವುದನ್ನೊಂದೇ ನೆಚ್ಚಿಕೊಳ್ಳಬೇಡಿ: ಸ್ಕ್ಯಾನ್ ಮಾಡಿದ ಅಕ್ಷರಗಳನ್ನು ಕಂಪ್ಯೂಟರ್ ಎಷ್ಟೋ ಕಡೆ ತಪ್ಪಾಗಿ ಓದಿರುತ್ತದೆ. ಬೇಕಾದ ತಿಂಗಳುಗಳ ಪುಟಗಳನ್ನು ಒಂದೊಂದಾಗಿ ತಿರುವಿಹಾಕುವುದು ಬೇಸರದ ಕೆಲಸವಾದರೂ ಸಿಗಬೇಕಾದದ್ದು ಸಿಗುವುದು ಅಲ್ಲಿಯೇ. ಜಾಹೀರಾತು ಕೊಡುವ ತಯಾರಕರಿಂದಲೇ ಈ ಪತ್ರಿಕೆಗಳು ಬದುಕುತ್ತಿದ್ದವು ಎಂಬುದೂ ನೆನಪಿರಲಿ. ‘ಭರ್ಜರಿ ಮಾರಾಟ’ ಎಂಬ ಸುದ್ದಿ ಎಷ್ಟೋ ಸಲ ಕಂಪನಿಯೇ ಬರೆದುಕೊಟ್ಟದ್ದು.

ಯಾವ ದಾಖಲೆಯು ಯಾವ ಬಗೆಯ ದಿನಾಂಕವನ್ನು ಕೊಡುತ್ತದೆ ಎಂಬುದನ್ನು ವಿಂಗಡಿಸದಿದ್ದರೆ ‘ಮೊಟ್ಟಮೊದಲನೆಯದು ಯಾವುದು’ ಎಂಬ ಪ್ರಶ್ನೆ ಬಗೆಹರಿಯುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಭವನದಲ್ಲಿ ಬಿಲ್ ಪಿಟ್ಸ್ ಮತ್ತು ಹ್ಯೂ ಟಕ್ ಅವರ ‘ಗ್ಯಾಲಕ್ಸಿ ಗೇಮ್’ 1971ರ ಸೆಪ್ಟೆಂಬರಿನಲ್ಲಿ ಆಟಕ್ಕೆ ಹತ್ತು ಸೆಂಟಿನಂತೆ ನಡೆಯತೊಡಗಿತು, ಆದರೆ ಒಳಗೊಂದು ದುಬಾರಿ ಪಿಡಿಪಿ-11 ಕಂಪ್ಯೂಟರ್ ಇದ್ದ ಅದು ಕಾರ್ಖಾನೆಯ ಸರಕಾಗಿರಲಿಲ್ಲ. ಮುಂದೆ ಅಟಾರಿ ಕಂಪನಿಯನ್ನು ಕಟ್ಟಿದ ನೋಲನ್ ಬುಶ್‌ನೆಲ್ ಮತ್ತು ಟೆಡ್ ಡಾಬ್ನಿ ಅವರು ರೂಪಿಸಿ ನಟಿಂಗ್ ಅಸೋಸಿಯೇಟ್ಸ್ ತಯಾರಿಸಿದ ‘ಕಂಪ್ಯೂಟರ್ ಸ್ಪೇಸ್’ ಆಗಸ್ಟಿನಲ್ಲಿ ಬಾರೊಂದರಲ್ಲಿ ಪರೀಕ್ಷೆಗೆ ಕುಳಿತಿತ್ತು, ಅಕ್ಟೋಬರಿನಲ್ಲಿ ಚಿಕಾಗೋದ ವ್ಯಾಪಾರಮೇಳಕ್ಕೆ ಹೋಯಿತು. ಪರೀಕ್ಷೆ, ಪ್ರದರ್ಶನ, ಸಾಗಣೆ, ಈ ಮೂರಕ್ಕೂ ನಿಮ್ಮ ಟಿಪ್ಪಣಿಯಲ್ಲಿ ಬೇರೆಬೇರೆ ಅಂಕಣಗಳಿರಲಿ. ಪೇಟೆಂಟಿನಲ್ಲಿಯೂ ಅರ್ಜಿಯ ದಿನ ಬೇರೆ, ಮಂಜೂರಾತಿಯ ದಿನ ಬೇರೆ: ರಾಲ್ಫ್ ಬೇರ್ ಅವರ ಟಿವಿ ಆಟದ ಮೂಲ ಅರ್ಜಿ 1968ರದು, ಪೇಟೆಂಟ್ ಕೈಸೇರಿದ್ದು 1973ರಲ್ಲಿ.

ನನ್ನ ಮಟ್ಟಿಗೆ ನ್ಯಾಯಾಲಯದ ಕಡತಗಳೇ ಅತ್ಯಂತ ಫಲವತ್ತಾದ ನೆಲ, ಏಕೆಂದರೆ ಅಲ್ಲಿ ಜನ ಪ್ರಮಾಣ ಮಾಡಿ ಮಾತಾಡಿರುತ್ತಾರೆ, ಎದುರಾಳಿ ವಕೀಲರು ಪ್ರತಿ ಮಾತನ್ನೂ ಕೆದಕಿರುತ್ತಾರೆ. ಮ್ಯಾಗ್ನಾವಾಕ್ಸ್ ಕಂಪನಿಯು 1974ರಲ್ಲಿ ಅಟಾರಿ ಮೊದಲಾದವರ ಮೇಲೆ ಹೂಡಿದ ಪೇಟೆಂಟ್ ದಾವೆಯಲ್ಲಿ ಎಲ್ಲಕ್ಕಿಂತ ಬಿಗಿಯಾದ ಸಾಕ್ಷ್ಯ ಒಂದು ಸಂದರ್ಶಕರ ಪುಸ್ತಕ: 1972ರ ಮೇ 24ರಂದು ಕ್ಯಾಲಿಫೋರ್ನಿಯಾದ ಬರ್ಲಿಂಗೇಮ್‌ನಲ್ಲಿ ಮ್ಯಾಗ್ನಾವಾಕ್ಸ್‌ನ ‘ಒಡಿಸ್ಸಿ’ಯ (ಬೇರ್ ಅವರ ಕೆಲಸವನ್ನು ಆಧರಿಸಿದ, ಟೇಬಲ್ ಟೆನಿಸ್ ಆಟವೂ ಇದ್ದ ಮನೆಯ ಟಿವಿ ಆಟದ ಯಂತ್ರ) ಪ್ರದರ್ಶನಕ್ಕೆ ಬಂದಿದ್ದ ಬುಶ್‌ನೆಲ್ ಅವರ ಸಹಿ ಅದರಲ್ಲಿತ್ತು. ಅಟಾರಿಯ ಎಂಜಿನಿಯರ್ ಅಲನ್ ಆಲ್ಕಾರ್ನ್ ‘ಪಾಂಗ್’ ಕಟ್ಟಿದ್ದು ಅದಾದ ಮೇಲೆ. ಎಷ್ಟು ಸಂದರ್ಶನ ಓದಿದರೂ ಇಷ್ಟು ಗಟ್ಟಿಯಾದ ಆಧಾರ ಸಿಗುವುದು ಕಷ್ಟ.

ಯಂತ್ರವೂ ಒಂದು ದಾಖಲೆಯೇ. ‘ಕಂಪ್ಯೂಟರ್ ಸ್ಪೇಸ್’ನಲ್ಲಿ ಮೈಕ್ರೊಪ್ರೊಸೆಸರ್ ಇಲ್ಲ, ಅದರ ಸರ್ಕ್ಯೂಟ್ ಬೋರ್ಡಿನ ಮೇಲೆ ಡಯೋಡುಗಳನ್ನು ಸಾಲಾಗಿ ಕೂರಿಸಿರುವ ರೀತಿಯಲ್ಲೇ ರಾಕೆಟ್ಟಿನ ಆಕೃತಿ ಬರಿಗಣ್ಣಿಗೆ ಕಾಣುತ್ತದೆ. ಪರದೆಯ ಚಿತ್ರವನ್ನು ಹೇಗೆ ಸಂಗ್ರಹಿಸಿದ್ದರೆಂಬುದು ಆ ಬೋರ್ಡಿನ ಒಂದು ಛಾಯಾಚಿತ್ರದಿಂದ ತಿಳಿಯುತ್ತದೆ. ಕೈಪಿಡಿ, ಸರ್ಕ್ಯೂಟ್ ನಕ್ಷೆ, ಮಾರಾಟದ ಕರಪತ್ರಗಳನ್ನು ಸಂಗ್ರಾಹಕರು ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿರುವ ಸ್ಟ್ರಾಂಗ್ ಮ್ಯೂಸಿಯಂನಲ್ಲಿ ಅಟಾರಿಯ ನಾಣ್ಯಯಂತ್ರ ವಿಭಾಗದ ಕಾಗದಪತ್ರಗಳಿವೆ.

ಹಿರಿಯರ ನೆನಪುಗಳನ್ನು ಕೊನೆಗೆ ಇಟ್ಟುಕೊಳ್ಳಿ. ದಾಖಲೆ ಕೈಯಲ್ಲಿದ್ದರೆ ಸಂದರ್ಶನದಲ್ಲಿ ಕೇಳುವ ಪ್ರಶ್ನೆಯೂ ಹರಿತವಾಗುತ್ತದೆ. ಜನಪ್ರಿಯ ಕಥೆಯನ್ನಂತೂ ಆಟಕ್ಕೆ ಸಂಬಂಧವಿಲ್ಲದ ಆಕರದಿಂದ ಒರೆಗೆ ಹಚ್ಚಬೇಕು. ಟೈಟೊ ಕಂಪನಿಯ ‘ಸ್ಪೇಸ್ ಇನ್ವೇಡರ್ಸ್’ 1978ರಲ್ಲಿ ಬಂದಾಗ ಜಪಾನಿನಲ್ಲಿ 100 ಯೆನ್ ನಾಣ್ಯಕ್ಕೆ ಬರ ಬಂದು ಟಂಕಸಾಲೆ ಹೆಚ್ಚು ನಾಣ್ಯ ಅಚ್ಚು ಹಾಕಬೇಕಾಯಿತು ಎಂದು ಇಂದಿಗೂ ಬರೆಯುತ್ತಾರೆ. ಟಂಕಸಾಲೆಯ ವಾರ್ಷಿಕ ಅಂಕಿಗಳನ್ನು ತೆರೆದು ನೋಡಿದರೆ 1978ರಲ್ಲಿಯೂ 1979ರಲ್ಲಿಯೂ 1977ಕ್ಕಿಂತ ಕಡಿಮೆ ನಾಣ್ಯಗಳೇ ತಯಾರಾಗಿವೆ. ಇಂಥ ಕಥೆಯನ್ನು ಎಸೆಯಬೇಕಾಗಿಲ್ಲ. ಅದು ಮೊದಲು ಅಚ್ಚಾದದ್ದು ಯಾವ ಪತ್ರಿಕೆಯಲ್ಲಿ, ಯಾವ ವರ್ಷ ಎಂದು ಹುಡುಕಿ ಬೇರೊಂದು ಕಡತದಲ್ಲಿ ಬರೆದಿಡಿ.