ಬೀಗದ ಕೈ ಎಲ್ಲಿದೆಯೋ ಅಲ್ಲೇ ಆಫೀಸು

ನಮ್ಮ ಆಫೀಸಿನಲ್ಲಿ ಎರಡು ಕೀಬೋರ್ಡ್ ಇವೆ. ಒಂದು ಕಂಪ್ಯೂಟರಿನದು. ಇನ್ನೊಂದು ಗೋಡೆಗೆ ಹೊಡೆದ ಪ್ಲೈವುಡ್ ಹಲಗೆ. ಅದರಲ್ಲಿ ಎಂಟು ಸಾಲು ಕೊಕ್ಕೆ, ಒಂದೊಂದು ಕೊಕ್ಕೆಗೆ ಒಂದೊಂದು ಮನೆಯ ಬೀಗದ ಕೈ. ಮೊದಲನೆಯದನ್ನು ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದು. ತಲೆನೋವು ಎರಡನೆಯದು.

ನನ್ನ ಕೆಲಸ ಬೇರೆಯವರ ಮನೆ ನೋಡಿಕೊಳ್ಳುವುದು. ಜಯನಗರ, ಬನಶಂಕರಿ, ಜೆ.ಪಿ. ನಗರ, ಕನಕಪುರ ರಸ್ತೆ ಎಲ್ಲಾ ಸೇರಿ ಸುಮಾರು 70 ಮನೆಗಳು. ಮಾಲೀಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೊರದೇಶದಲ್ಲಿದ್ದಾರೆ. ಬಾಡಿಗೆಗೆ ಜನ ಹುಡುಕುವುದು, ಅಗ್ರಿಮೆಂಟ್ ಮಾಡಿಸುವುದು, ಬಾಡಿಗೆ ಬಂತಾ ನೋಡುವುದು, ನಲ್ಲಿ ಸೋರಿದರೆ ಪ್ಲಂಬರ್ ಕಳಿಸುವುದು, ಖಾಲಿ ಮಾಡುವಾಗ ಅಡ್ವಾನ್ಸ್ ಲೆಕ್ಕ ಚುಕ್ತಾ ಮಾಡುವುದು. ಬ್ರೋಕರ್ ಅಂದರೆ ಸ್ವಲ್ಪ ಬೇಜಾರಾಗುತ್ತದೆ. ಅವರ ಕೆಲಸ ಬೀಗ ತೆಗೆದು ತೋರಿಸಿ ಕಮಿಷನ್ ತಗೊಂಡರೆ ಮುಗಿಯಿತು, ನನ್ನದು ಅಲ್ಲಿಂದ ಶುರು.

ಹೊಸದಾಗಿ ಈ ಕಸುಬಿಗೆ ಬರುವವರು ನನ್ನನ್ನು ಮೊದಲು ಕೇಳುವುದು ಒಂದೇ. ಮನೆಯಿಂದಲೇ ಮಾಡಬಹುದಾ, ಆಫೀಸ್ ಬೇಕೇ ಬೇಕಾ? ನಾನು ಎರಡನ್ನೂ ಮಾಡಿದ್ದೇನೆ. ಎರಡರಲ್ಲೂ ಪೆಟ್ಟು ತಿಂದಿದ್ದೇನೆ.

2020ರ ಮಾರ್ಚ್ ತನಕ ನನ್ನದು ಮೂರು ಟೇಬಲ್ಲಿನ ಆಫೀಸು, ರಸ್ತೆಗೆ ಬೋರ್ಡು, ಬಂದವರಿಗೆ ಕೂರಲು ಸೋಫಾ. ಲಾಕ್‌ಡೌನ್ ಬಂತು. ಎರಡು ತಿಂಗಳು ಬೀಗ ಹಾಕಿದ ಜಾಗಕ್ಕೆ ಬಾಡಿಗೆ ಕಟ್ಟಿ ನನಗೇ ನಗು ಬಂತು. ಬಿಟ್ಟುಕೊಟ್ಟೆ. ಕೀಬೋರ್ಡ್ ಎರಡನ್ನೂ ಮನೆಗೆ ತಂದು ಹಲಗೆಯನ್ನು ಮಲಗುವ ಕೋಣೆಯಲ್ಲಿ ಬೀರು ಪಕ್ಕ ನೇತುಹಾಕಿದೆ. ಅಮ್ಮ ನೋಡಿ, "ಇದೇನೋ, ಜೈಲರ್ ಮನೆ ಇದ್ದಂಗಿದೆ" ಅಂದರು.

ಆ ವರ್ಷ ಮನೆಗಳು ಒಂದೊಂದಾಗಿ ಖಾಲಿಯಾದವು. ಐಟಿ ಹುಡುಗರು ಒಂದು ಸೂಟ್‌ಕೇಸ್ ಹಿಡಿದು ಊರಿಗೆ ಹೋದವರು ವಾಪಸ್ ಬರಲೇ ಇಲ್ಲ. ಊರಲ್ಲೇ ಕೂತು ಕೆಲಸ ಮಾಡಬಹುದಾದರೆ ಇಲ್ಲಿಗೆ ಯಾಕೆ ಬಾಡಿಗೆ ಕಟ್ಟುತ್ತಾರೆ? ಬೀಗದ ಕೈ ಕೊರಿಯರಿನಲ್ಲಿ ಬಂತು, ಸಾಮಾನು ಮಾತ್ರ ಒಳಗೇ ಉಳಿದಿತ್ತು. ಹುಬ್ಬಳ್ಳಿಯ ಒಬ್ಬ ಹುಡುಗನ ಮನೆಯನ್ನು ನಾನೇ ವಿಡಿಯೊ ಕಾಲಿನಲ್ಲಿ ಖಾಲಿ ಮಾಡಿಸಿದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅವನ ಬಟ್ಟೆ. "ಸರ್, ಆ ಡಬ್ಬಿ ಒಳಗ ಏನೈತಿ ತೆಗದು ನೋಡ್ರಿ" ಅನ್ನುತ್ತಿದ್ದ. ಅಕ್ಕಿಯಲ್ಲಿ ಹುಳ ಓಡಾಡುತ್ತಿತ್ತು. ಗೋಡೆಯ ಕ್ಯಾಲೆಂಡರ್ ಇನ್ನೂ ಮಾರ್ಚ್ ತೋರಿಸುತ್ತಿತ್ತು. ಫ್ರಿಜ್ ಬಾಗಿಲು ತೆಗೆದೆ, ತಕ್ಷಣ ಮುಚ್ಚಿ ಬಾಲ್ಕನಿಗೆ ಓಡಿದೆ. ಅವನು ಅಲ್ಲಿ ಬಿದ್ದು ಬಿದ್ದು ನಗುತ್ತಿದ್ದ. ಅವನಿಗೆ ವರ್ಕ್ ಫ್ರಮ್ ಹೋಮ್, ನನಗೆ ಅವನ ಹೋಮಿನಲ್ಲೇ ವರ್ಕು.

ಆದರೆ ಮನೆಯಿಂದ ಮಾಡಿ ನಿಜವಾಗಲೂ ಲಾಭವಾದ ಕೆಲಸಗಳಿವೆ. ಮೊದಲನೆಯದು ಲೆಕ್ಕ. ತಿಂಗಳ 5ನೇ ತಾರೀಕಿಗೆ ಯಾರ ಬಾಡಿಗೆ ಬಂತು, ಯಾರದು ಬಂದಿಲ್ಲ ಅಂತ ತಾಳೆ ನೋಡಬೇಕು. ಒಬ್ಬರು ಹೆಂಡತಿಯ ಖಾತೆಯಿಂದ ಹಾಕುತ್ತಾರೆ, ಇನ್ನೊಬ್ಬರು ತಮ್ಮನ ಯುಪಿಐಯಿಂದ, ಮತ್ತೊಬ್ಬರು ಮೇಂಟೆನೆನ್ಸ್ ಸೇರಿಸಿ ಹಾಕಿ ಹೇಳುವುದೇ ಇಲ್ಲ. ಆಫೀಸಿನಲ್ಲಿ ಎರಡು ಹೆಸರು ಮುಗಿಸುವಷ್ಟರಲ್ಲಿ "ಸಾರ್, ಟು-ಬಿಎಚ್‌ಕೆ ಇದೆಯಾ" ಅಂತ ಯಾರಾದರೂ ಒಳಗೆ ಬರುತ್ತಿದ್ದರು. ಮನೆಯಲ್ಲಿ ಬೆಳಗ್ಗೆ ಐದೂವರೆಗೆ ಕೂತರೆ ಎಂಟಕ್ಕೆ 70 ಮನೆಯ ಲೆಕ್ಕವೂ ಮುಗಿಯುತ್ತದೆ.

ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ ಕೂಡ ಹಾಗೆಯೇ. ಮಾಲೀಕರು ಎನ್‌ಆರ್‌ಐ ಆಗಿದ್ದರೆ ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರರೇ ಸಾಮಾನ್ಯವಾಗಿ ಶೇ. 31.2 ಹಿಡಿದು ಕಟ್ಟಬೇಕು, ಅದಕ್ಕೆ ತೆರಿಗೆ ಹಿಡಿಯುವವರು ಮಾಡಿಸಿಕೊಳ್ಳುವ ಟ್ಯಾನ್ ನಂಬರ್ ಬೇಕು. ಇದನ್ನು ಕೇಳಿದ ತಕ್ಷಣ ಅರ್ಧ ಜನ ಮನೆಯೇ ಬೇಡ ಅನ್ನುತ್ತಾರೆ. ನಾನು ಒಂದು ವಾಯ್ಸ್ ಮೆಸೇಜ್ ಮಾಡಿಟ್ಟುಕೊಂಡಿದ್ದೇನೆ, ಎಲ್ಲರಿಗೂ ಅದೇ ಹೋಗುತ್ತದೆ. ಏಪ್ರಿಲಿನಲ್ಲಿ ಆಸ್ತಿ ತೆರಿಗೆ. ಆ ತಿಂಗಳೊಳಗೆ ಪೂರ್ತಿ ಕಟ್ಟಿದರೆ ಶೇ. 5 ಕಡಿತ ಸಿಗುತ್ತದೆ ಅಂತ ಎಲ್ಲರದೂ ಒಟ್ಟಿಗೆ ಮುಗಿಸುತ್ತೇನೆ. ಗೃಹಜ್ಯೋತಿ ಬಂದ ಮೇಲೆ ಇನ್ನೊಂದು ಕೆಲಸ ಸೇರಿತು. ಹಳೆಯ ಬಾಡಿಗೆದಾರರ ಆಧಾರ್ ಕರೆಂಟ್ ಮೀಟರಿನ ಆರ್‌ಆರ್ ನಂಬರಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಿ ಹೋಗಿ ಅಂತ ಅವರ ಹಿಂದೆ ಬೀಳಬೇಕು. ಇದಕ್ಕೆಲ್ಲ ಲುಂಗಿ ಉಟ್ಟುಕೊಂಡು ಕೂತರೂ ನಡೆಯುತ್ತದೆ.

ಹೊರದೇಶದ ಮಾಲೀಕರ ಫೋನು ಬರುವುದೂ ರಾತ್ರಿಯೇ. ನಮಗೆ ರಾತ್ರಿ 9 ಆದಾಗ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ 8.30. ನವೆಂಬರಿನಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ, ನನ್ನ ಊಟ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಆ ಹೊತ್ತಿಗೆ ಆಫೀಸಿನಲ್ಲಿ ಯಾರು ಕೂತಿರುತ್ತಾರೆ ಹೇಳಿ?

ಇಷ್ಟು ನೋಡಿ ನಾನು, ಇನ್ನು ಆಫೀಸೇ ಬೇಡ ಅಂದುಕೊಂಡಿದ್ದೆ. ಸುಮಾರು ಒಂದೂವರೆ ವರ್ಷ ಹಾಗೇ ನಡೆಯಿತು. ಆಮೇಲೆ ಒಂದು ದಿನ ಬೆಳಗ್ಗೆ ಐದೂಕಾಲಿಗೆ ಫೋನು ಹೊಡೆಯಿತು.

ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟು, ಮೂರನೇ ಮಹಡಿ, ಖಾಲಿ ಮನೆ. ಪೇಂಟಿಂಗ್ ಮುಗಿದು ಎರಡು ದಿನವಾಗಿತ್ತು. ಬ್ರಷ್ ತೊಳೆಯಲು ಯಾರೋ ಅಡುಗೆಮನೆಯ ನಲ್ಲಿ ತಿರುಗಿಸಿದ್ದಾರೆ, ನೀರು ಬಂದಿಲ್ಲ, ಹಾಗೇ ಬಿಟ್ಟು ಹೋಗಿದ್ದಾರೆ. ರಾತ್ರಿ ಟ್ಯಾಂಕ್ ತುಂಬಿಸಿದ್ದಾರೆ. ಸಿಂಕಿನ ತೂತಿಗೆ ಪೇಂಟಿನ ಬಟ್ಟೆ ಸಿಕ್ಕಿಕೊಂಡಿತ್ತು. ನೀರು ತುಂಬಿ, ಹಾಲ್ ದಾಟಿ, ಬಾಗಿಲ ಕೆಳಗಿನಿಂದ ಮೆಟ್ಟಿಲಿಗೆ ಇಳಿಯುತ್ತಿದೆ ಅಂತ ವಾಚ್‌ಮನ್ ಹೇಳಿದ. ಎದ್ದು ಹಲಗೆ ನೋಡಿದೆ. ಕೊಕ್ಕೆ ಖಾಲಿ!

ಹಿಂದಿನ ದಿನ ಸಂಜೆ ನಮ್ಮ ಹುಡುಗ ಯಾರಿಗೋ ಮನೆ ತೋರಿಸಲು ಕೈ ತಗೊಂಡು ಹೋಗಿದ್ದ. ಮುಗಿಯುವಾಗ ರಾತ್ರಿ ಒಂಬತ್ತು. "ಆ ಹೊತ್ತಲ್ಲಿ ಬಂದು ನಿಮ್ಮನೆ ಬೆಲ್ ಹೊಡೆಯೋಕೆ ಸಂಕೋಚ ಆಯ್ತಣ್ಣ, ಅಮ್ಮ ಬೇರೆ ಮಲಗಿರ್ತಾರೆ" ಅಂದ. ಬೀಗದ ಕೈ ಅವನ ಜೊತೆ ಕೆಂಗೇರಿಗೆ ಹೋಗಿ ಮಲಗಿತ್ತು. ಅವನನ್ನು ಬೈಯಲು ಬಾಯಿ ಬರಲಿಲ್ಲ. ಹಲಗೆಯನ್ನು ಮಲಗುವ ಕೋಣೆಯಲ್ಲಿ ನೇತುಹಾಕಿದವನು ನಾನು.

ಅವನು ಬರಲು 40 ನಿಮಿಷ ಹಿಡಿಯಿತು. ಅಷ್ಟರಲ್ಲಿ ವಾಲ್ವ್ ನಿಲ್ಲಿಸೋಣ ಅಂತ ವಾಚ್‌ಮನ್ ಟೆರೇಸಿಗೆ ಓಡಿದ. ಅಲ್ಲಿ ಸಾಲಾಗಿ ಒಂಬತ್ತು ವಾಲ್ವ್, ಯಾವುದಕ್ಕೂ ಗುರುತಿಲ್ಲ. ಒಂದನ್ನು ತಿರುಗಿಸಿ ಇನ್ಯಾರದೋ ಸ್ನಾನ ನಿಲ್ಲಿಸಿದ. ಕೆಳಗಿನ ಮನೆಯ ವಾರ್ಡ್‌ರೋಬು ಊದಿಕೊಂಡು ಬಾಗಿಲು ಮುಚ್ಚದ ಹಾಗಾಯಿತು. ನನ್ನ ಕೈಯಿಂದ 38 ಸಾವಿರ ಹೋಯಿತು. ಅಂದಿನಿಂದ ಯಾವ ಹೊಸ ಮನೆ ಒಪ್ಪಿಕೊಂಡರೂ ಮೊದಲು ಟೆರೇಸಿಗೆ ಹತ್ತುತ್ತೇನೆ. ಕೈಯಲ್ಲಿ ಕೆಂಪು ಪೇಂಟಿನ ಸಣ್ಣ ಡಬ್ಬಿ. ನಮ್ಮ ವಾಲ್ವಿನ ಮೇಲೆ ಫ್ಲಾಟ್ ನಂಬರ್ ಬರೆದು ಫೋಟೊ ತೆಗೆದು ವಾಚ್‌ಮನ್‌ಗೂ ಕಳಿಸುತ್ತೇನೆ.

ಅದಾದ ಮೂರನೇ ತಿಂಗಳು ಮತ್ತೆ ಆಫೀಸ್ ಮಾಡಿದೆ. ಈ ಸಲ ಸೋಫಾ ಇಲ್ಲ, ರಸ್ತೆಗೆ ಬೋರ್ಡೂ ಇಲ್ಲ. ಮೊದಲನೇ ಮಹಡಿಯಲ್ಲಿ 10 ಅಡಿಗೆ 12 ಅಡಿಯ ರೂಮು, ಕೆಳಗೆ ದರ್ಶಿನಿ. ದರ್ಶಿನಿ ರಾತ್ರಿ ಹತ್ತೂವರೆ ತನಕ ತೆಗೆದಿರುತ್ತದೆ, ಮೆಟ್ಟಿಲಿಗೆ ಬೆಳಕಿರುತ್ತದೆ. ಹುಡುಗರ ಹತ್ತಿರ ಆಫೀಸಿನ ಒಂದೊಂದು ಕೈ ಇದೆ. ಎಷ್ಟು ಹೊತ್ತಾದರೂ ಬಂದು ಹಲಗೆಗೆ ಹಾಕಿ, ಫೋಟೊ ಹೊಡೆದು ಗ್ರೂಪಿಗೆ ಹಾಕಿ ಮನೆಗೆ ಹೋಗುತ್ತಾರೆ. ಯಾರ ಬೆಲ್ಲೂ ಹೊಡೆಯಬೇಕಿಲ್ಲ.

ಆಫೀಸಿನ ಇನ್ನೊಂದು ಉಪಯೋಗ ಆಮೇಲೆ ತಿಳಿಯಿತು: ಅಡ್ವಾನ್ಸ್ ವಾಪಸ್ ಕೊಡುವ ಮಾತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಅನ್ನುವುದು ಹಳೆಯ ರೂಢಿ, ಈಗ ಕೆಲವು ಕಡೆ ಐದಾರಕ್ಕೆ ಇಳಿದಿದೆ. ಎಷ್ಟೇ ಆಗಲಿ, ಅದು ಬಾಡಿಗೆದಾರರ ದೊಡ್ಡ ದುಡ್ಡು. ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಅದರ ಮೇಲೆ ಬಾಗಿಲಿಗೆ ನಾಯಿ ಕೆರೆದದ್ದು, ಗೀಸರ್, ಕಿಟಕಿಯ ಗಾಜು. ಒಂದು ಮನೆಯ ವಿಷಯದಲ್ಲಿ ಮೂರು ದಿನ ವಾಟ್ಸಾಪಿನಲ್ಲಿ ಜಗಳವಾಡಿದೆವು. ನಾನು "ನೋಡೋಣ" ಅಂತ ಬರೆದರೆ ಅವರು "ಕೊಡಲ್ಲ" ಅಂತ ಓದುತ್ತಿದ್ದರು. ಕೊನೆಗೆ ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಬಂದರು. ಕೆಳಗಿನಿಂದ ಕಾಫಿ ತರಿಸಿದೆ. ಮನೆಗೆ ಬಂದ ದಿನ ತೆಗೆದ ಫೋಟೊಗಳನ್ನು ಟೇಬಲ್ ಮೇಲೆ ಹರಡಿದೆ. ಕ್ಯಾಲ್ಕುಲೇಟರ್ ಅವರ ಕಡೆ ತಿರುಗಿಸಿ, "ನೀವೇ ಒತ್ತಿ ಮೇಡಂ, ನಾನು ಹೇಳ್ತೀನಿ" ಅಂದೆ. ಇಪ್ಪತ್ತು ನಿಮಿಷ. ಅವರೇ ಒತ್ತಿದ ಲೆಕ್ಕ, ತಪ್ಪು ಅನ್ನಲು ಮನಸ್ಸು ಬರಲಿಲ್ಲ. ಗೀಸರ್ ವಿಷಯದಲ್ಲಿ ತಪ್ಪು ನನ್ನದೇ ಅಂತಲೂ ಫೋಟೊದಲ್ಲೇ ಗೊತ್ತಾಯಿತು, ಅದು ಮೊದಲೇ ತುಕ್ಕು ಹಿಡಿದಿತ್ತು. ಈ ಮಾತನ್ನು ನಮ್ಮ ಮನೆಯ ಹಾಲ್‌ನಲ್ಲಿ ಮಾಡಲು ಆಗುತ್ತಿರಲಿಲ್ಲ. ದುಡ್ಡಿನ ಮಾತಿಗೆ ಅಪರಿಚಿತರ ಮನೆಗೆ ಹೋಗಲು ಯಾರಿಗಾದರೂ ಮುಜುಗರ, ಹೆಣ್ಣುಮಕ್ಕಳಿಗಂತೂ ಇನ್ನೂ ಜಾಸ್ತಿ.

ಕೆಲವು ಕೆಲಸಕ್ಕೆ ಮನೆಯೂ ಆಗದು, ಆಫೀಸೂ ಆಗದು. ಬನಶಂಕರಿಯ ಒಂದು ಮನೆಯ ಬಾತ್‌ರೂಮ್ ಸೀಲಿಂಗ್ ತೊಟ್ಟಿಕ್ಕುತ್ತಿತ್ತು. ವಿಡಿಯೊ ಕಾಲಿನಲ್ಲಿ ನೋಡಿ ನೋಡಿ ಪ್ಲಂಬರನ್ನು ಮೂರು ಸಲ ಕಳಿಸಿದೆ. ಪ್ರತಿ ಸಲ ಬಿಲ್ ಬಂತು, ತೊಟ್ಟಿಕ್ಕುವುದು ನಿಲ್ಲಲಿಲ್ಲ. ಮೇಲಿನ ಮನೆಯ ಅಂಕಲ್ "ನಮ್ಮಿಂದಲ್ಲ" ಅಂತ ಫೋನ್ ಇಟ್ಟುಬಿಡುತ್ತಿದ್ದರು. ನಾನೇ ಹೋದೆ. ಅವರನ್ನು ಒಪ್ಪಿಸಿ ಅವರ ಬಾತ್‌ರೂಮಿನ ನಹಾನಿ ಟ್ರ್ಯಾಪಿನ (ನೆಲದ ನೀರು ಹೋಗುವ ತೂತು) ಬಾಯಿಗೆ ಬಟ್ಟೆ ತುರುಕಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, ಬಿಳಿ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಟ್ಟೆ. ಕೆಳಗೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತೆ. ಒಂದು ಗಂಟೆ ಏನೂ ಆಗಲಿಲ್ಲ. ಬಟ್ಟೆ ತೆಗೆಸಿದೆ. ನಿಂತ ನೀರೆಲ್ಲ ಗಳಗಳ ಇಳಿಯಿತು. ಐದೇ ನಿಮಿಷಕ್ಕೆ ಸೀಲಿಂಗಿನಿಂದ ನೀಲಿ ಹನಿ. ಅಂದರೆ ನೆಲ ಸರಿಯಿದೆ, ಸೋರುತ್ತಿರುವುದು ಟ್ರ್ಯಾಪಿನ ಕೆಳಗಿನ ಜಾಯಿಂಟು. ಅಂಕಲ್ ಕೆಳಗೆ ಇಳಿದು ಬಂದು ಹನಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು. "ಓ, ನೀಲಿ" ಅಂದರು. ಅಷ್ಟೇ. ಮಾರನೇ ದಿನ ಅವರೇ ರಿಪೇರಿ ಮಾಡಿಸಿದರು.

2024ರ ಫೆಬ್ರುವರಿ, ಮಾರ್ಚ್ ನೀರಿನ ಕಷ್ಟದಲ್ಲೂ ಹೀಗೇ ಆಯಿತು. ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು, 5 ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ. ಫೋನಿನಲ್ಲಿ ಕೇಳಿದರೆ "ಗಾಡಿ ಇಲ್ಲ". ನೀರು ತುಂಬುವ ಜಾಗಕ್ಕೇ ಹೋಗಿ ನಿಂತರೆ ಗಾಡಿ ಸಿಗುತ್ತಿತ್ತು.

ಈಗ ನಮ್ಮ ಲೆಕ್ಕ ನೋಡುವವರು ತುಮಕೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಾರೆ. ಚಿಕ್ಕ ಮಗು ಇದೆ. ಮಗು ಮಲಗಿದ ಮೇಲೆ ಕೂರುತ್ತಾರೆ. ಆಫೀಸಿಗೆ ಬರುತ್ತಿದ್ದಾಗ ಆಗುತ್ತಿದ್ದ ತಪ್ಪುಗಳು ಈಗಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಬರುತ್ತಾರೆ, ಹಲಗೆಗೆ ಅರಿಶಿನ ಕುಂಕುಮ ಹಚ್ಚುವುದು ಅವರೇ. ಹುಡುಗರಿಗೆ ಮನೆಯಿಂದ ಮಾಡುವ ಕೆಲಸವೇ ಇಲ್ಲ. ಎಲ್ಲಿದ್ದಾರೆ ಅಂತ ತೋರಿಸುವ ಆಪ್ ಒಂದನ್ನು ಅವರ ಫೋನಿಗೆ ಹಾಕಿಸಿದ್ದೆ. ಒಂದೇ ವಾರಕ್ಕೆ ಇಬ್ಬರ ಮುಖವೂ ಗಂಟಾಯಿತು, ತೆಗೆಸಿದೆ. ಹಲಗೆಯ ಮೇಲೆ ಯಾವ ಕೊಕ್ಕೆ ಖಾಲಿ ಇದೆ ಅಂತ ನೋಡಿದರೆ ಯಾರು ಎಲ್ಲಿದ್ದಾರೆ ಗೊತ್ತಾಗುತ್ತದೆ ಅಲ್ವಾ?

ನಾನು ಬೆಳಗ್ಗೆ ಮನೆಯಲ್ಲಿ, ಹನ್ನೊಂದರಿಂದ ಎರಡರ ತನಕ ಆಫೀಸಿನಲ್ಲಿ, ಆಮೇಲೆ ಬೈಕ್ ಮೇಲೆ. ರಾತ್ರಿಯ ಫೋನುಗಳು ಮತ್ತೆ ಮನೆಯಿಂದ. ವಾರಕ್ಕೆ ಎರಡು ದಿನವಾದರೂ ಈ ಲೆಕ್ಕ ತಪ್ಪುತ್ತದೆ.

ಆ ರೂಮಿನ 11 ತಿಂಗಳ ಅಗ್ರಿಮೆಂಟ್ ಮುಂದಿನ ವಾರ ಮುಗಿಯುತ್ತದೆ. ಓನರ್ ಶೇ. 5 ಜಾಸ್ತಿ ಕೇಳಿದ್ದಾರೆ. "ದಿನಕ್ಕೆ ಮೂರು ಗಂಟೆ ಕೂರೋದಕ್ಕೆ ಅಷ್ಟು ಬಾಡಿಗೆನಾ, ಕೇಳಿ ಕಮ್ಮಿ ಮಾಡಿಸಿ" ಅಂತ ಹೆಂಡತಿ ಹೇಳುತ್ತಿದ್ದಾಳೆ. ಬೇರೆಯವರ ಮನೆಗೆ ಇದೇ ಶೇ. 5ನ್ನು ಮುಖ ನೋಡದೆ ಕೇಳುವವನು ನಾನು. ಈಗ ನಮ್ಮ ಓನರ್ ಹತ್ತಿರ ಹೇಗೆ ಬಾಯಿ ಬಿಡಲಿ ಅಂತ ಯೋಚಿಸುತ್ತಿದ್ದೇನೆ.